ಬಾಣಂತಿ ಕೋಣೆಯ ಅಯಸ್ಕಾಂತ

ಆ ಅಯಸ್ಕಾಂತವನ್ನು ಮೊದಲ ಸಲ ಹೊರಗೆ ತೆಗೆಯುವಾಗ ಪೊರ್ಬುಗಳು ನನ್ನ ಕೈಗೆ ಟಾರ್ಚ್ ಕೊಟ್ಟು, “ಬಾಯಿ ಮುಚ್ಚಿ ನೋಡು ಪುತಾ” ಎಂದರು. ಬಾಯಿ ಮುಚ್ಚುವುದು ನನಗೆ ಹುಟ್ಟಿನಿಂದ ಬಾರದ ವಿದ್ಯೆ. ಆ ದಿನ ಮಾತ್ರ ಹೇಗೋ ಬಂತು.

ನಾನು ಆಗ ಅಬುಧಾಬಿಯ ಮುಸಫಾದಲ್ಲಿ ಒಂದು ಮೇಂಟೆನೆನ್ಸ್ ಕಂಪನಿಯ ಏಸಿ ಟೆಕ್ನಿಷಿಯನ್. ವಯಸ್ಸು ಇಪ್ಪತ್ತಾರು. ಕೆಲಸದಿಂದ ಬಂದ ಹೆಸರಿಗಿಂತ ಅಣಕದಿಂದ ಬಂದ ಹೆಸರೇ ದೊಡ್ಡದು. ಬೆಳಿಗ್ಗೆ ವ್ಯಾನು ಹೊರಟಿತೆಂದರೆ ನನ್ನ ಅಂಗಡಿ ತೆರೆಯಿತು ಎಂದೇ ಲೆಕ್ಕ. ಮ್ಯಾನೇಜರ್ ಮೂಗಿನಲ್ಲಿ “ಯಲ್ಲಾ ಯಲ್ಲಾ” ಎಂದು ಅವಸರ ಮಾಡುವುದು, ನಾವು ಉಳಿಯುವ ಕ್ಯಾಂಪಿನ ಅಡುಗೆಯವ ಸಾಂಬಾರಿಗೆ ಮತ್ತೊಂದು ಚೆಂಬು ನೀರು ಸುರಿದು “ಖಲಾಸ್” ಎಂದು ಕೈ ಒರೆಸಿಕೊಳ್ಳುವುದು, ಹಳೆಯ ಕಂಪ್ರೆಸರ್ ಕಣ್ಣು ಮುಚ್ಚುವ ಮುಂಚೆ ಮೂರು ಸಲ ಕೆಮ್ಮುವುದು, ಎಲ್ಲ ಬರುತ್ತಿತ್ತು. ನನ್ನನ್ನೂ ಬಿಟ್ಟಿರಲಿಲ್ಲ. ಊರಿಗೆ ಫೋನ್ ಮಾಡಿ “ಇಲ್ಲಿ ಭಾರೀ ಆರಾಮ ಅಮ್ಮ, ಇಡೀ ದಿನ ಏಸಿಯಲ್ಲೇ ಇರುದು” ಎನ್ನುವ ನನ್ನ ದನಿಯನ್ನು ನಾನೇ ಮಾಡಿ ತೋರಿಸುತ್ತಿದ್ದೆ. ಏಸಿಯ ಯಾವ ತುದಿಯಲ್ಲಿ ಇರುವುದು ಎಂಬುದನ್ನು ಮಾತ್ರ ಅಮ್ಮನಿಗೆ ಹೇಳಿರಲಿಲ್ಲ. ತಣ್ಣಗಿನ ತುದಿ ಬಾಡಿಗೆದಾರರದ್ದು; ಟೆರೇಸಿನ ಮೇಲೆ ಬೆಂಕಿ ಉಗುಳುವ ತುದಿ ನನ್ನದು.

ಪೊರ್ಬುಗಳು ನಮ್ಮ ಫೋರ್‌ಮನ್. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು; ನನ್ನನ್ನು ಕರೆಯುವುದು ಪುತಾ, ಮಗನೇ ಎಂದು. ಊರಿನಲ್ಲಿ ಅಂಥ ಹಿರಿಯರನ್ನು ಕರೆಯುವ ಹಾಗೆ ನಾವು ಕರಾವಳಿಯವರೆಲ್ಲ ಅವರನ್ನು ಪೊರ್ಬುಗಳು ಎನ್ನುತ್ತಿದ್ದೆವು. ಗಲ್ಫಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಮಾತು ಬಹಳ ನಿಧಾನ. ಒಂದು ವಾಕ್ಯವನ್ನು ಶುರು ಮಾಡಿ, ನಡುವೆ ನಿಲ್ಲಿಸಿ, ಕನ್ನಡಕ ಒರೆಸಿ, ಗಂಟಲು ಸರಿ ಮಾಡಿ ಮುಂದುವರಿಸುವಷ್ಟರಲ್ಲಿ ನಾವು ಹೋಗಿ ಚಹಾ ಕುಡಿದು ಬರಬಹುದಿತ್ತು. ಗಂಟಲು ಸರಿ ಮಾಡುವ ಆ ಸದ್ದು ನನ್ನ ಸಂಗ್ರಹದಲ್ಲೇ ಅತಿ ಒಳ್ಳೆಯ ಮಾಲು. ಅದನ್ನು ಮಾಡಿದರೆ ವ್ಯಾನಿನಲ್ಲಿ ಕುಳಿತವರು ತಮಗೆ ಗೊತ್ತಿಲ್ಲದೆಯೇ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಿದ್ದರು.

ಜುಲೈ ತಿಂಗಳಲ್ಲಿ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದಿಂದ ದೂರು ಬಂತು. ದೊಡ್ಡ ಮನೆ, ಒಳಗೆ ನಾಲ್ಕು ಫ್ಲಾಟ್ ಮಾಡಿದ್ದರು. ಟೆರೇಸಿನಲ್ಲಿ ಒಂದು ಯಂತ್ರ ನೀರನ್ನು ತಣ್ಣಗೆ ಮಾಡುತ್ತದೆ. ಆ ನೀರು ಕಬ್ಬಿಣದ ಪೈಪಿನಲ್ಲಿ ಪ್ರತಿ ಫ್ಲಾಟಿಗೂ ಹೋಗಿ, ಕೋಣೆಗಳ ಸೀಲಿಂಗಿನ ಮೇಲಿನ ಸುರುಳಿಯಲ್ಲಿ ಸುತ್ತಿ, ಮತ್ತೆ ಮೇಲೆ ಹೋಗುತ್ತದೆ. ಸುರುಳಿಯ ಹಿಂದೆ ಒಂದು ಫ್ಯಾನು. ಇಷ್ಟೇ ವ್ಯವಸ್ಥೆ. ದೂರು ಕೊಟ್ಟದ್ದು ಮೇಲಿನ ಮಹಡಿಯ, ನೀರಿನ ಸಾಲಿನಲ್ಲಿ ಕೊನೆಗೆ ಬರುವ ಫ್ಲಾಟಿನವರು. ಭಟ್ಕಳದ ಕುಟುಂಬ. ಗಂಡನಿಗೆ ಪೇಟೆಯಲ್ಲಿ ಅಣ್ಣಂದಿರ ಜೊತೆ ಬಟ್ಟೆ ಅಂಗಡಿ. ಹೆಂಡತಿ ಹೆತ್ತು ಎಂಟು ದಿನವಾಗಿತ್ತು. ಬಾಣಂತನಕ್ಕೆಂದು ಹೆಂಡತಿಯ ತಾಯಿ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದರು.

ಬಾಗಿಲು ತೆರೆದದ್ದು ಆ ತಾಯಿಯೇ. ನಮ್ಮಿಬ್ಬರ ಕನ್ನಡ ಕೇಳಿದ್ದೇ ಅವರ ಮುಖ ಅರಳಿತು.

“ಊರವರಾ? ದೇವರೇ ಕಳಿಸಿದ. ಬನ್ನಿ, ಒಳಗೆ ಬನ್ನಿ. ಈ ಕೋಣೆ ನೋಡಿ, ಮಗು ಬೇಯ್ತಾ ಉಂಟು.”

ಮಗಳನ್ನೂ ಮಗುವನ್ನೂ ಅಷ್ಟೇ ಕಾದಿದ್ದ ಪಕ್ಕದ ಕೋಣೆಗೆ ಕಳಿಸಿ ನಮ್ಮನ್ನು ಒಳಗೆ ಬಿಟ್ಟರು. ಕೋಣೆ ನಿಜಕ್ಕೂ ಕಾದಿತ್ತು. ಏಣಿ ಹತ್ತಿ ಗಾಳಿ ಬರುವ ಗ್ರಿಲ್ಲಿಗೆ ಟಾರ್ಚ್ ಬಿಟ್ಟೆ. ಗ್ರಿಲ್ಲಿನ ಪಟ್ಟಿಗಳ ನಡುವೆ ಬಿಗಿಯಾಗಿ ಏನೋ ತುರುಕಿತ್ತು. ಎಳೆದೆ. ಹಸಿರು ಉಣ್ಣೆಯ ಶಾಲು. ಎಳೆದಷ್ಟೂ ಬರುತ್ತಿತ್ತು, ಜಾದೂಗಾರನ ಟೋಪಿಯಿಂದ ಬಂದ ಹಾಗೆ.

“ಇದನ್ನು ಯಾರಮ್ಮ ತುಂಬಿಸಿದ್ದು?” ಪೊರ್ಬುಗಳು ಕೇಳಿದರು.

“ನಾನೇ. ಬಾಣಂತಿಗೆ ಗಾಳಿ ತಾಗ್ಬಾರ್ದಲ್ಲ.”

“ಮತ್ತೆ ಗಾಳಿ ಬರುದಿಲ್ಲ ಅಂತ ಕಂಪ್ಲೇಂಟ್ ಕೊಟ್ಟದ್ದು ಯಾರು?”

“ಅದೂ ನಾನೇ. ಮಗುವಿಗೆ ಸೆಕೆ ಆಗ್ಬಾರ್ದಲ್ಲ.”

ಪೊರ್ಬುಗಳು ಕನ್ನಡಕ ತೆಗೆದು ಒರೆಸಿದರು. ಏಣಿಯ ಮೇಲೆ ನಾನು ತುಟಿ ಕಚ್ಚಿ ನಗು ನುಂಗುತ್ತಿದ್ದೆ. ನಲವತ್ತು ದಿನ ಬಾಣಂತಿ ಬೆಚ್ಚಗಿರಬೇಕು, ಮಗು ತಂಪಾಗಿರಬೇಕು, ಇಬ್ಬರೂ ಒಂದೇ ಮಂಚದಲ್ಲಿ ಇರಬೇಕು. ಯಾವ ಕಂಪನಿಯ ರಿಮೋಟಿನಲ್ಲಿ ಅಂಥ ಬಟನ್ ಉಂಟು? ಪೊರ್ಬುಗಳು ಮಾತ್ರ ನಗಲಿಲ್ಲ. ಒಂದು ರಟ್ಟಿನ ತುಂಡು ಕತ್ತರಿಸಿ, ಗಾಳಿ ಮಂಚದ ಮೇಲೆ ಬೀಳದೆ ಗೋಡೆಗೆ ಹೊಡೆದು ಮೆಲ್ಲಗೆ ಇಳಿಯುವ ಹಾಗೆ ಗ್ರಿಲ್ಲಿನ ಕೆಳಗೆ ಓರೆಯಾಗಿ ಅಂಟಿಸಿದರು. ಬಾಣಂತಿಯ ತಾಯಿ ಮಂಚದ ಮೇಲೆ ಕುಳಿತು, ಎರಡು ಕೈ ಎತ್ತಿ, ಗಾಳಿ ತಾಗುವುದಿಲ್ಲವೆಂದು ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟರು.

ಆದರೆ ಶಾಲು ತೆಗೆದ ಮೇಲೆ ಬಂದ ಗಾಳಿಯೂ ಬೆಚ್ಚಗೇ ಇತ್ತು. ಅಂದರೆ ರೋಗ ಒಳಗಿತ್ತು. ಅಡುಗೆಮನೆಯ ಪಕ್ಕದ ಕಪಾಟಿನಲ್ಲಿ ಪೈಪು ಫ್ಲಾಟಿನ ಒಳಗೆ ಬರುವ ಜಾಗ. ಪೊರ್ಬುಗಳು ಅಲ್ಲಿಂದ ಒಂದು ಲೋಟ ನೀರು ಹಿಡಿದರು. ನೀರಲ್ಲ, ಮಸಿ.

ಅಷ್ಟರಲ್ಲಿ ಗಂಡ ಊಟಕ್ಕೆಂದು ಅಂಗಡಿಯಿಂದ ಬಂದರು. ಮೂವತ್ತೈದರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಲೋಟ ನೋಡಿ ನಿಂತರು.

“ನೋಡಿ, ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಮಗು,” ಎಂದರು. “ಮೈಯೆಲ್ಲ ಬೆವರುಸಾಲೆ. ರಾತ್ರಿ ಹಗಲು ಅಳ್ತದೆ. ನಲವತ್ತು ದಿನ ಮುಗಿಯುವವರೆಗೆ ನೋಡ್ತೇನೆ. ಅಷ್ಟರಲ್ಲಿ ಕೋಣೆ ಸರಿಯಾಗದಿದ್ದರೆ ತಾಯಿ ಮಗು ಇಬ್ಬರನ್ನೂ ಊರಿಗೆ ಕಳಿಸುದೇ. ಮಗುವಿನ ಪಾಸ್‌ಪೋರ್ಟಿಗೆ ಕೊಟ್ಟಾಯ್ತು.”

“ನೀವು?” ಪೊರ್ಬುಗಳು ಕೇಳಿದರು.

“ಅಂಗಡಿಯಲ್ಲಿ ನನ್ನ ರಜೆಯ ಸರದಿ ಬರುವ ವರ್ಷ. ಅಷ್ಟರಲ್ಲಿ ಅದು ನಡೀಲಿಕ್ಕೆ ಕಲ್ತಿರ್ತದೆ.”

ಹಾಗೆ ಹೇಳಿ ಮೊಬೈಲಿನಲ್ಲಿ ಮಗುವಿನ ಪಾಸ್‌ಪೋರ್ಟ್ ಫೋಟೊ ತೋರಿಸಿದರು. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಮುಖ ಸಿಂಡರಿಸಿಕೊಂಡ ಒಂದು ಕೆಂಪು ಉಂಡೆ. ವೀಸಾ ಆಫೀಸಿನ ಸಾಲಿನಲ್ಲಿ ನಿಂತಾಗ ನನ್ನ ಮುಖವೂ ಹಾಗೆಯೇ ಇರುತ್ತದೆ ಎಂದು ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ಹೇಳಲಿಲ್ಲ.

ಎರಡು ದಿನದ ಮೇಲೆ ಪೊರ್ಬುಗಳು ಎಲ್ಲಿಂದಲೋ ಒಂದು ಪೆಟ್ಟಿಗೆ ತಂದರು. ಪೆಟ್ಟಿಗೆಯ ಮೇಲೆ ಹಿಮ ಬಿದ್ದ ಮನೆಯ ಚಿತ್ರ. ಕಿಟಕಿಯ ಒಳಗೆ ಸ್ವೆಟರ್ ಹಾಕಿದ ಅಪ್ಪ ಅಮ್ಮ ಮಗು ನಗುತ್ತಿದ್ದರು. ಚಳಿ ದೇಶಗಳಲ್ಲಿ ಮನೆ ಬಿಸಿ ಮಾಡಲು ಪೈಪಿನಲ್ಲಿ ಬಿಸಿನೀರು ಸುತ್ತಿಸುತ್ತಾರಂತೆ. ಆ ನೀರಿನ ಕೊಳೆ ಹಿಡಿಯಲು ಮಾಡಿದ ಫಿಲ್ಟರ್ ಅದು. ಒಂದು ದಪ್ಪ ಲೋಟದಷ್ಟು ದೊಡ್ಡದು, ನಡುವೆ ಅಯಸ್ಕಾಂತ.

“ಪೊರ್ಬುಗಳೇ, ಇದು ಮನೆ ಬಿಸಿ ಮಾಡುವವರದ್ದು,” ಎಂದೆ. “ಆ ಅಮ್ಮ ಶಾಲು ತುರುಕಿದ್ದು ಸಾಲದು ಅಂತ ನೀವು ಹೀಟರ್ ಇಡ್ತೀರಾ?”

“ನೀರು ಬಿಸಿಯೋ ತಂಪೋ, ಕಬ್ಬಿಣಕ್ಕೆ ಎಂತ ಗೊತ್ತುಂಟು?” ಎಂದರು ಅವರು. “ತುಕ್ಕು ಎರಡರಲ್ಲೂ ಹಿಡೀತದೆ. ಅಯಸ್ಕಾಂತಕ್ಕೆ ಎರಡೂ ಒಂದೇ.”

ಕಪಾಟಿನಲ್ಲಿ ಪೈಪಿಗೆ ಅದನ್ನು ಕೂರಿಸಿದೆವು. ಕೋಣೆಯ ಸುರುಳಿಯ ಬಾಯಲ್ಲಿ ಕಟ್ಟಿದ್ದ ಕೆಸರನ್ನೂ ತೆಗೆದೆವು. ಇನ್ನು ಪ್ರತಿ ಮಂಗಳವಾರ ಫಿಲ್ಟರ್ ತೊಳೆಯಬೇಕು, ಪೈಪಿನ ಹಳೆಯ ಕೊಳೆಯೆಲ್ಲ ಬಂದು ಮುಗಿಯುವವರೆಗೆ, ಎಂದರು ಪೊರ್ಬುಗಳು. ಆ ತಾಯಿ “ಇನ್ಶಾ ಅಲ್ಲಾ” ಎಂದರು. ಮೊದಲ ಮಂಗಳವಾರ ಬಂತು. ಟಾರ್ಚ್ ನನ್ನ ಕೈಗೆ ಬಂತು.

ಎರಡು ಬದಿಯ ವಾಲ್ವ್ ಮುಚ್ಚಿ, ಸಣ್ಣ ತಿರುಪು ಸಡಿಲಿಸಿ ಒತ್ತಡ ಬಿಟ್ಟು, ಮುಚ್ಚಳ ತಿರುಗಿಸಿ ಪೊರ್ಬುಗಳು ಒಳಗಿನ ಕೊಳವೆಯನ್ನು ಮೆಲ್ಲಗೆ ಮೇಲೆತ್ತಿದರು. ಅಯಸ್ಕಾಂತ ಇರುವುದು ಆ ತೆಳು ಕೊಳವೆಯ ಒಳಗೆ. ಕೊಳವೆಯ ಹೊರಗೆ ಒಂದು ಕಪ್ಪು ಪ್ರಾಣಿ ಅಪ್ಪಿಕೊಂಡಿತ್ತು. ಬೇರೆ ಹೇಗೆ ಹೇಳುವುದು ನನಗೆ ತಿಳಿಯದು. ಮಖಮಲ್ಲಿನಂಥ ಮೈ, ಮೈಯೆಲ್ಲ ಸಣ್ಣ ಸಣ್ಣ ಮುಳ್ಳು, ಪ್ರತಿ ಮುಳ್ಳೂ ತನ್ನದೇ ದಿಕ್ಕಿಗೆ ನೆಟ್ಟಗೆ ನಿಂತದ್ದು. ಟಾರ್ಚಿನ ಬೆಳಕು ಅದರ ಮೇಲೆ ಬಿದ್ದರೆ ವಾಪಸ್ ಬರುತ್ತಿರಲಿಲ್ಲ, ಒಳಗೇ ಉಳಿಯುತ್ತಿತ್ತು. ಪೊರ್ಬುಗಳು ಅದನ್ನು ಬಕೆಟ್ಟಿನ ಮೇಲೆ ಹಿಡಿದು, ಕೊಳವೆಯ ಒಳಗಿನಿಂದ ಅಯಸ್ಕಾಂತವನ್ನು ಮಾತ್ರ ಸರಕ್ಕನೆ ಎಳೆದರು. ಆ ಕ್ಷಣವೇ ಮುಳ್ಳುಗಳೆಲ್ಲ ಮಲಗಿದವು. ಇಡೀ ಪ್ರಾಣಿ ಯಾವ ಸದ್ದೂ ಇಲ್ಲದೆ ಕಳಚಿ ನೀರಿಗೆ ಬಿತ್ತು. ಕೊಳವೆ ಫಳಫಳ ಹೊಳೆಯುತ್ತಿತ್ತು, ಏನೂ ಆಗದವರ ಹಾಗೆ.

“ಇನ್ನೊಮ್ಮೆ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಸಿನೆಮಾ ಅಲ್ಲ ಮಾರಾಯ, ಇನ್ನೊಮ್ಮೆ ತೋರಿಸ್ಲಿಕ್ಕೆ,” ಎಂದರು. ಆದರೂ ಬಕೆಟ್ಟಿನ ಹೊರಗಿನಿಂದ ಅಯಸ್ಕಾಂತವನ್ನು ಹಿಡಿದು ತೋರಿಸಿದರು. ನೀರಿನಲ್ಲಿ ಕರಗಿದ್ದ ಕಪ್ಪು ಮೋಡ ತಿರುಗಿ ಒಟ್ಟಾಗಿ, ಬಕೆಟ್ಟಿನ ಗೋಡೆಯ ಹಿಂದಿನಿಂದ ಅವರ ಕೈಯನ್ನು ಹಿಂಬಾಲಿಸಿತು. ಅವರು ಕೈ ಮೇಲೆ ತಂದರೆ ಅದೂ ಮೇಲೆ. ಕೆಳಗೆ ಒಯ್ದರೆ ಅದೂ ಕೆಳಗೆ. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು. ಪೈಪಿನ ತಣ್ಣೀರು ತುಂಬಿದ ಬಕೆಟ್ಟಿಗೆ ಅದ್ದಿದ ನನ್ನ ಬೆರಳುಗಳು ಚಳಿಗೆ ಮರಗಟ್ಟಿದ್ದವು. ಗೋಡೆಯ ಒಳಗೆ, ಯಾರೂ ನೋಡದ ಕಡೆ, ವರ್ಷಗಟ್ಟಲೆ ಅದೇ ನೀರು ಸುತ್ತುತ್ತಾ ಪೈಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿನ್ನುತ್ತಿತ್ತು. ನಾನು ಐದು ವರ್ಷದಿಂದ ಈ ಪೈಪುಗಳ ಮೇಲೆ ಕುಳಿತು ಊಟದ ಡಬ್ಬಿ ಬಿಚ್ಚಿದವನು. ಒಳಗೆ ಇಂಥದ್ದು ನಡೆಯುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಆಮೇಲೆ ಪೊರ್ಬುಗಳು ಚೀಲದಿಂದ ಒಂದು ಡ್ರಾಯಿಂಗ್ ಪುಸ್ತಕ ತೆಗೆದರು. ಹೆಬ್ಬೆರಳನ್ನು ಆ ಕೆಸರಿಗೆ ಅದ್ದಿ, ಬಿಳಿ ಹಾಳೆಯ ಮೇಲೆ ಒತ್ತಿ, ಕೆಳಗೆ ದಿನ ಬರೆದರು.

“ಪೊರ್ಬುಗಳೇ, ಶಾಲೆಗೆ ಹೋಗಿದ್ದೀರಿ ಅಂತ ಹೇಳ್ತಿದ್ರಲ್ಲ. ಈಗ ನೋಡಿದ್ರೆ ಹೆಬ್ಬೆಟ್ಟು!”

ಅವರು ಪುಸ್ತಕದ ಹಿಂದಿನ ಹಾಳೆಗಳನ್ನು ತಿರುಗಿಸಿ ತೋರಿಸಿದರು. ಬೇರೆ ಕಟ್ಟಡಗಳದ್ದು, ಎಷ್ಟೋ ವರ್ಷಗಳದ್ದು. ಒಂದೊಂದು ಕಟ್ಟಡಕ್ಕೂ ಒಂದು ಸಾಲು ಹೆಬ್ಬೆಟ್ಟು. ಮೊದಲನೆಯದು ಇದ್ದಲಿನ ಹಾಗೆ, ಬರಬರುತ್ತ ಬೂದಿ, ಆಮೇಲೆ ಮಂಜಿನಂಥ ಒಂದು ನೆರಳು, ಕೊನೆಯ ಹಾಳೆಗಳಲ್ಲಿ ಕೆಸರೇ ಇಲ್ಲದೆ ಬರೀ ಒದ್ದೆ ಬೆರಳಿನ ಗೆರೆ. ನೀರು ತಿಳಿಯಾಗುವುದನ್ನು ಆ ಮನುಷ್ಯ ಬೆರಳಿನಲ್ಲಿ ಬರೆದಿಟ್ಟಿದ್ದರು.

ಎರಡನೇ ಮಂಗಳವಾರ ಕೆಸರು ಅರ್ಧಕ್ಕರ್ಧ ಕಡಿಮೆ. ಕೋಣೆ ಇಪ್ಪತ್ತಾರು ಡಿಗ್ರಿಗೆ ಇಳಿದಿತ್ತು. ಒಳಗಿನಿಂದ ಅಳು ಕೇಳಿಸಲಿಲ್ಲ. ಆ ತಾಯಿ ನಮಗೆ ಬಾಣಂತಿಯ ಲೇಹದಲ್ಲಿ ಒಂದೊಂದು ಚಮಚ ಕೊಟ್ಟರು. ನಮಗೂ ಶಕ್ತಿ ಬೇಕಂತೆ.

ಅದೇ ವಾರ ಕಂಪನಿ ಪೊರ್ಬುಗಳನ್ನು ದುಬೈಗೆ, ಡಿಸ್ಕವರಿ ಗಾರ್ಡನ್ಸಿನ ಒಂದು ಕೆಲಸಕ್ಕೆ ಹತ್ತು ದಿನ ಕಳಿಸಿತು. ಹೋಗುವಾಗ ಸೈಟಿನ ಮೊಬೈಲನ್ನೂ ಆ ಪುಸ್ತಕವನ್ನೂ ನನ್ನ ಕೈಗೆ ಕೊಟ್ಟರು. ಕೊಡುತ್ತ ಹೇಳಿದರು:

“ನೋಡು ಪುತಾ. ನೀರು ಇಷ್ಟು ದಿನ ನಿಧಾನ ಇತ್ತು. ಈಗ ದಾರಿ ಸಿಕ್ಕಿತು, ಜೋರಾಗ್ತದೆ. ಜೋರಾದ್ರೆ… (ಕನ್ನಡಕ ಒರೆಸಿದರು, ಗಂಟಲು ಸರಿ ಮಾಡಿದರು) …ಹಳೇ ಪದರವನ್ನು ಕೀಳ್ತದೆ. ಎರಡನೇ ವಾರ ಕಮ್ಮಿ ಬಂತು ಅಂತ ನಂಬ್ಬೇಡ. ಮೂರನೇ ವಾರವೇ ಮುಖ್ಯ.”

ನಾನು ಬಹಳ ಗಮನವಿಟ್ಟು ಕೇಳಿದೆ. ‘ಜೋರಾದ್ರೆ’ ಎಂದ ಮೇಲೆ ಎಷ್ಟು ಹೊತ್ತು ನಿಲ್ಲಿಸಿದರು, ಕನ್ನಡಕ ಎಡಗೈಯಲ್ಲಿ ತೆಗೆದರೋ ಬಲಗೈಯಲ್ಲೋ, ‘ನಂಬ್ಬೇಡ’ ಎನ್ನುವಾಗ ಹುಬ್ಬು ಎಲ್ಲಿಗೆ ಹೋಯಿತು, ಎಲ್ಲ ಪಾಠವಾಯಿತು. ಸಂಜೆ ಕ್ಯಾಂಪಿನಲ್ಲಿ ಆ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿದೆ, ಚಪ್ಪಾಳೆ ಬಿತ್ತು. ಅದರ ಅರ್ಥ ಏನು ಎಂದು ಮಾತ್ರ ನನ್ನ ತಲೆಯ ಒಳಗೆ ಹೋಗಲೇ ಇಲ್ಲ.

ಮೂರನೇ ಮಂಗಳವಾರ ನಾನು ವಿಲ್ಲಾಕ್ಕೆ ಹೋಗಲಿಲ್ಲ. ದೊಡ್ಡ ಕಾರಣ ಏನೂ ಇಲ್ಲ. ಕ್ಯಾಂಪಿನಲ್ಲಿ ಒಬ್ಬನ ವೀಸಾ ಮುಗಿದು ಬೀಳ್ಕೊಡುಗೆ ಇತ್ತು, ನನ್ನ ಐಟಂ ಇಲ್ಲದೆ ಆಗುವುದಿಲ್ಲ ಎಂದರು. ಕೆಸರು ಹೇಗೂ ಕಡಿಮೆಯಾಗಿದೆ, ಒಂದು ವಾರ ತಪ್ಪಿದರೆ ಏನು ಎಂದುಕೊಂಡೆ.

ಬುಧವಾರ ಬೆಳಿಗ್ಗೆ ವ್ಯಾನಿನಲ್ಲಿ ಸೈಟಿನ ಮೊಬೈಲ್ ಹೊಡೆದುಕೊಂಡಿತು. ಆ ತಾಯಿಯೇ. “ಪೊರ್ಬುಗಳಾ?” ಎಂದರು. ಸುತ್ತ ಏಳು ಜನ ನನ್ನ ಬಾಯಿ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ನನ್ನಿಂದಾಗದು. ಗಂಟಲು ಸರಿ ಮಾಡಿದೆ.

“ಹೌದಮ್ಮ… ಹೇಳಿ.”

“ಕೋಣೆ ತಿರುಗಿ ಕಾಯ್ತಾ ಉಂಟಲ್ಲ. ನೀವು ಫಿಲ್ಟರ್ ತೊಳೀಲಿಲ್ವಾ?”

“ನಿನ್ನೆಯೇ ಬಂದು ತೊಳೆದೆನಮ್ಮ… ನೀವು ಮಲಗಿದ್ರಿ ಕಾಣ್ತದೆ, ಮನೆಯವರು ಬಾಗಿಲು ತೆಗೆದ್ರು. ಏನೂ ಹೆದರ್ಬೇಡಿ. ಸ್ವಲ್ಪ ಹೊತ್ತು… ಸರಿಯಾಗ್ತದೆ.”

“ನೀವು ಹೇಳಿದ್ರೆ ಸರಿ,” ಎಂದು ಅವರು ಫೋನಿಟ್ಟರು. ವ್ಯಾನು ನಗುವಿನಲ್ಲಿ ಅಲುಗಾಡಿತು. ನನ್ನ ಬದುಕಿನಲ್ಲೇ ಅಷ್ಟು ಪಕ್ಕಾ ಅಣಕ ಮತ್ತೆ ಮಾಡಿಲ್ಲ. ಆ ದಿನ ಹೋಗಿ ತೊಳೆದು ಬಿಡುವ ಎಂದು ಮನಸ್ಸಿನಲ್ಲಿತ್ತು. ಬೇರೆ ಕಡೆ ಪಂಪು ಕೈಕೊಟ್ಟಿತು, ಗುರುವಾರ ಇನ್ನೊಂದು, ಶುಕ್ರವಾರ ರಜೆ. ಮನಸ್ಸಿನಲ್ಲಿದ್ದದ್ದು ಮನಸ್ಸಿನಲ್ಲೇ ಉಳಿಯಿತು.

ಶನಿವಾರ ಪೊರ್ಬುಗಳು ವಾಪಸ್ ಬಂದರು. ನಾವಿಬ್ಬರೂ ವ್ಯಾನಿನ ಮುಂದಿನ ಸೀಟಿನಲ್ಲಿ ಇದ್ದಾಗಲೇ ಮಗುವಿನ ಅಪ್ಪ ಫೋನ್ ಮಾಡಿದರು. ಪೊರ್ಬುಗಳು ಸ್ಟೀರಿಂಗ್ ಹಿಡಿದಿದ್ದರಿಂದ ಸ್ಪೀಕರ್ ಹಾಕಿದರು.

“ನಿಮಗೊಂದು ಥ್ಯಾಂಕ್ಸ್ ಹೇಳ್ಲಿಕ್ಕೆ ಮಾಡಿದ್ದು,” ಎಂದರು ಅವರು. “ನೀವು ಭಾರೀ ಕಷ್ಟಪಟ್ರಿ. ಆದ್ರೆ ನೀವೇ ಬಂದು ತೊಳೆದ ಮೇಲೂ ಕೋಣೆ ಮೂವತ್ತಮೂರು ಅಂದ್ರೆ, ಆ ಪೈಪು ಇನ್ನು ಆಗುದಿಲ್ಲ ಅಂತ ಅರ್ಥ. ಬೇರೆಯವರು ಹೇಳಿದ್ರೆ ನಂಬ್ತಿರ್ಲಿಲ್ಲ, ನೀವು ಹೇಳಿದ್ದಲ್ವಾ. ಟಿಕೆಟ್ ಮಾಡಿದೆ. ಮುಂದಿನ ಭಾನುವಾರಕ್ಕೆ.”

“ನಾನು ತೊಳೆದೆ ಅಂತ ಯಾರು ಹೇಳಿದ್ದು?”

“ಎಂತ ಹೀಗೆ ಕೇಳ್ತೀರಿ? ನೀವೇ. ಬುಧವಾರ ಅತ್ತೆಗೆ ಫೋನಿನಲ್ಲಿ.”

ಪೊರ್ಬುಗಳು ನನ್ನ ಕಡೆ ತಿರುಗಲೂ ಇಲ್ಲ. “ಸ್ವಲ್ಪ ಹೊತ್ತಲ್ಲಿ ಬರ್ತೇನೆ” ಎಂದು ಫೋನಿಟ್ಟು, ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ನನ್ನ ಮಡಿಲಲ್ಲಿ ಅವರ ಪುಸ್ತಕ ಇತ್ತು. ಈ ವಿಲ್ಲಾದ ಮೂರನೇ ಹಾಳೆ ಖಾಲಿ.

ಎಲ್ಲ ಹೇಳಿದೆ. ನನ್ನ ಸ್ವಂತ ದನಿಯಲ್ಲಿ, ತೊದಲುತ್ತ. ಅವರು ಕೇಳಿದರು.

“ಹೇಗೆ ಹೇಳಿದ್ದು? ಒಮ್ಮೆ ಮಾಡಿ ತೋರಿಸು.”

“ಬೇಡ ಪೊರ್ಬುಗಳೇ.”

“ಮಾಡು.”

ಮಾಡಿದೆ. ಗಂಟಲು ಸರಿ ಮಾಡುವುದರಿಂದ ಹಿಡಿದು “ಸರಿಯಾಗ್ತದೆ” ಎನ್ನುವವರೆಗೆ. ಅವರು ರಸ್ತೆಯನ್ನು ನೋಡುತ್ತ ಪೂರ್ತಿ ಕೇಳಿಸಿಕೊಂಡರು.

“ಒಳ್ಳೆದುಂಟು,” ಎಂದರು ಕೊನೆಗೆ. “ನನ್ನ ಹೆಂಡತಿಗೂ ಗೊತ್ತಾಗ್ಲಿಕ್ಕಿಲ್ಲ.” ಕನ್ನಡಕ ತೆಗೆದು ಒರೆಸಿದರು. ಬಲಗೈಯಲ್ಲಿ. “ಈ ದನಿ ಮಾಡ್ಲಿಕ್ಕೆ ನನಗೆ ಇಪ್ಪತ್ತೆಂಟು ವರ್ಷ ಬೇಕಾಯ್ತು ಪುತಾ.”

ಬೈದಿದ್ದರೆ ಆ ಬೈಗುಳವನ್ನು ಕಲಿತು ನಾಳೆ ಯಾರಿಗಾದರೂ ಮಾಡಿ ತೋರಿಸಿ ಹಗುರಾಗುತ್ತಿದ್ದೆ. ಈ ಮಾತನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಒಬ್ಬ ಮನುಷ್ಯ ಹೇಳಿದ್ದನ್ನೆಲ್ಲ ಮಾಡುತ್ತ, ಮಾಡಿದ್ದನ್ನು ಮಾತ್ರ ಹೇಳುತ್ತ, ಮನೆಯಿಂದ ಮನೆಗೆ ಒಂದೊಂದೇ ಎಳೆ ಕೂಡಿಸಿದ್ದು ಆ ದನಿ. ಅದನ್ನು ಕೇಳಿದ ಮೇಲೆ ಒಬ್ಬ ಅಪ್ಪ, ಮನೆಯಲ್ಲಿ ಬಾಗಿಲು ತೆಗೆದದ್ದು ಯಾರೆಂದೂ ಕೇಳದೆ, ಏಳು ವರ್ಷ ಕಾದ ಮಗುವಿಗೆ ಟಿಕೆಟ್ ಮಾಡಿದ್ದ. ನಾನು ಅದನ್ನು ಗಂಟಲ ಸದ್ದು ಎಂದುಕೊಂಡಿದ್ದೆ.

ವಿಲ್ಲಾದಲ್ಲಿ ಪೊರ್ಬುಗಳು ಹೊಸ್ತಿಲಲ್ಲೇ ನಿಂತರು. “ನೀನು ಹೇಳು. ನೀನೇ ತೊಳಿ.”

ಆ ತಾಯಿ, ಮಗುವಿನ ಅಪ್ಪ, ಇಬ್ಬರೂ ಕಪಾಟಿನ ಹತ್ತಿರ ನಿಂತಿದ್ದರು. ಒಳಗೆ ಮಗು ಅಳುತ್ತಿತ್ತು. ನಾನು ನೆಲ ನೋಡುತ್ತ ಹೇಳಿದೆ: ಬುಧವಾರ ಮಾತಾಡಿದ್ದು ನಾನು, ಫಿಲ್ಟರ್ ತೊಳೆದಿಲ್ಲ, ಪೊರ್ಬುಗಳು ದುಬೈಯಲ್ಲಿದ್ದರು. ಮಗುವಿನ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಮೆತ್ತಗಿನ ಆ ಮುಖ ಕಲ್ಲಾಯಿತು. ಆ ತಾಯಿ ಮಾತ್ರ ಹತ್ತಿರ ಬಂದರು.

“ನೀನಾ? ಅದು ನೀನಾ?” ಎಂದರು. “ನಾನು ಮಗಳ ಹತ್ರ ಪೊರ್ಬುಗಳು ಹೇಳಿದ್ದಾರೆ, ಹೆದರ್ಬೇಡ ಅಂತ ಹೇಳಿ, ಇಡೀ ರಾತ್ರಿ ಬೀಸಣಿಗೆ ಬೀಸಿದ್ದೇನೆ. ನಿನಗೆ ತಮಾಷೆ. ಊರಲ್ಲಿ ಆಗಿದ್ರೆ ನಿನ್ನ ಅಮ್ಮನ ಮನೆಗೆ ಬಂದು ಹೇಳ್ತಿದ್ದೆ ಗೊತ್ತುಂಟಾ?”

ಗೊತ್ತಿತ್ತು. ಭಟ್ಕಳದಿಂದ ನಮ್ಮ ಊರಿಗೆ ಒಂದೇ ಬಸ್ಸಿನ ದಾರಿ.

ವಾಲ್ವ್ ಮುಚ್ಚಿದೆ. ಒತ್ತಡ ಬಿಟ್ಟೆ. ಮುಚ್ಚಳ ತಿರುಗಿಸಲು ಎರಡು ಕೈಯೂ ಬೇಕಾಯಿತು, ಅಷ್ಟು ತುಂಬಿತ್ತು. ಕೊಳವೆ ಎತ್ತಿದಾಗ ಹಿಂದಿನಿಂದ ಆ ತಾಯಿ “ಯಾ ಅಲ್ಲಾ” ಎಂದರು. ಮೊದಲ ವಾರದ್ದು ಪ್ರಾಣಿಯಾದರೆ ಇದು ಅದರ ಅಜ್ಜ. ನನ್ನ ಮುಷ್ಟಿಗಿಂತ ದಪ್ಪ, ಪದರದ ಮೇಲೆ ಪದರ, ಒಳಗೆ ನೀರು ನುಸುಳಲು ಒಂದು ಸೂಜಿಯಷ್ಟೂ ಜಾಗವಿಲ್ಲದ ಹಾಗೆ. ಮೂರನೇ ವಾರವೇ ಮುಖ್ಯ. ಆ ಮಾತು ಈಗ ಯಾರ ದನಿಯೂ ಇಲ್ಲದೆ ನನ್ನೊಳಗೆ ಇಳಿಯಿತು.

“ಇದೆಲ್ಲ ನಮ್ಮ ಪೈಪಿನ ಒಳಗಿದ್ದ ಕಸವಾ?” ಅವರು ಕೇಳಿದರು.

“ಕಸ ಅಲ್ಲಮ್ಮ. ಪೈಪೇ. ಪೈಪೇ ಸ್ವಲ್ಪ ಸ್ವಲ್ಪ ಕರಗಿ ಬಂದದ್ದು.”

ಅವರು ಬಗ್ಗಿ ನೋಡಿದರು. ಕೋಪ ಇನ್ನೂ ಇತ್ತು, ಆದರೆ ಅದರ ಪಕ್ಕದಲ್ಲೇ ಬೇರೆ ಏನೋ ಬಂದು ಕುಳಿತಿತ್ತು. ನಾನು ಒಳಗಿನ ಅಯಸ್ಕಾಂತವನ್ನು ಎಳೆದೆ. ಮುಳ್ಳುಗಳು ಮಲಗಿದವು, ಇಡೀ ಭಾರ ಸದ್ದಿಲ್ಲದೆ ಬಕೆಟ್ಟಿಗೆ ಇಳಿಯಿತು. ಮಗುವಿನ ಅಪ್ಪನೂ ಒಂದು ಹೆಜ್ಜೆ ಮುಂದೆ ಬಂದಿದ್ದರು. ವಾಶರಿಗೆ ಗ್ರೀಸ್ ಹಚ್ಚಿ, ಮುಚ್ಚಳ ಹಾಕಿ, ವಾಲ್ವ್ ಮೆಲ್ಲಗೆ ತೆರೆದೆ. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಟ್ಟೆ. ಪೈಪಿನ ಒಳಗೆ ನೀರು ಓಡಿದ ಸದ್ದು ಕಿವಿಗೆ ಬರಲಿಲ್ಲ, ಅಂಗೈಗೆ ಬಂತು.

ಆಮೇಲೆ ಕಾಯುವುದಷ್ಟೇ ಉಳಿದದ್ದು. ಮೂವತ್ತಮೂರು. ಆ ತಾಯಿ ಚಹಾ ಮಾಡಿದರು. ಪೊರ್ಬುಗಳಿಗೆ ಕೊಟ್ಟರು, ನನಗೆ ಕೊಡಲಿಲ್ಲ. ಮೂವತ್ತೊಂದು. ಮಗುವಿನ ಅಪ್ಪ ಅಂಗಡಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದರು. ಇಪ್ಪತ್ತೆಂಟು ಆದಾಗ ಅಳು ನಿಂತಿತು. ಅದು ನಿಂತ ಕೂಡಲೇ ಎಲ್ಲರೂ ಒಟ್ಟಿಗೆ ತಲೆ ಎತ್ತಿದೆವು, ಕರೆಂಟು ಬಂದಾಗ ಎತ್ತುವ ಹಾಗೆ. ಮಗುವಿನ ಅಪ್ಪ ಬಾಗಿಲ ಸಂದಿಯಿಂದ ಒಳಗೆ ಇಣುಕಿ, ಬಹಳ ಹೊತ್ತು ಹಾಗೇ ನಿಂತರು.

ನಾವು ಹೊರಡುವಾಗ ಅವರು ಪೊರ್ಬುಗಳಿಗೆ ಹೇಳಿದರು: “ಟಿಕೆಟ್ ಈಗಲೇ ಕ್ಯಾನ್ಸಲ್ ಮಾಡುದಿಲ್ಲ. ಶುಕ್ರವಾರದ ತನಕ ನೋಡ್ತೇನೆ.” ನನ್ನ ಕಡೆ ನೋಡದೆ ಸೇರಿಸಿದರು, “ಮಂಗಳವಾರ ತೊಳೀಲಿಕ್ಕೆ ಇವನನ್ನೇ ಕಳಿಸಿ. ಅತ್ತೆ ನಿಂತು ನೋಡ್ತಾರೆ.”

ಮಂಗಳವಾರ ಹೋದೆ. ಆ ತಾಯಿ ಕುರ್ಚಿ ಹಾಕಿಕೊಂಡು ಕುಳಿತು, ಪ್ರತಿ ತಿರುಪನ್ನೂ ಎಣಿಸಿದರು. ಕೆಸರು ಒಂದು ಚಮಚದಷ್ಟು ಬಂತು. ಕೆಲಸ ಮುಗಿದ ಮೇಲೆ ಒಂದು ಲೋಟ ಚಹಾ ನನ್ನ ಮುಂದೆ ಬಂದು ಕುಳಿತಿತು.

ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ಸೈಟಿನ ಮೊಬೈಲ್ ಹೊಡೆದುಕೊಂಡಿತು. ಅಲ್ಲಿ ಶುಕ್ರವಾರವೇ ರಜೆಯಾದ್ದರಿಂದ ಪೊರ್ಬುಗಳು ಚರ್ಚಿಗೆ ಹೋಗುವಾಗ ಅದನ್ನು ತಿರುಗಿ ನನ್ನ ಕೈಗೇ ಕೊಟ್ಟಿದ್ದರು. ಯಾಕೆ ಕೊಟ್ಟರೆಂದು ಕೇಳುವ ಧೈರ್ಯ ನನಗಿರಲಿಲ್ಲ.

“ಯಾರು?” ಆ ತಾಯಿಯ ದನಿ.

“ನಾನು ಅಮ್ಮ.”

“ಯಾವ ನಾನು? ಸರಿ ಹೇಳು.”

“ಸುಳ್ಳು ಹೇಳಿದವ.”

“ಹಾಂ, ಹಾಗಾದ್ರೆ ನೀನೇ,” ಎಂದರು ನೆಮ್ಮದಿಯಿಂದ. “ಕೇಳು. ಅಳಿಯ ಟಿಕೆಟ್ ಕ್ಯಾನ್ಸಲ್ ಮಾಡಿದ. ಮಗುವಿನ ಮೈಯಲ್ಲಿ ಒಂದು ಗುಳ್ಳೆ ಇಲ್ಲ, ಮಾಶಾ ಅಲ್ಲಾ. ಭಾನುವಾರ ನಲವತ್ತರ ಸ್ನಾನ. ಪೊರ್ಬುಗಳನ್ನು ಕರ್ಕೊಂಡು ಊಟಕ್ಕೆ ಬಾ. ಬರುವಾಗ ಏಣಿ ತಾ.”

“ಏಣಿ ಯಾಕಮ್ಮ?”

“ಕೋಣೆ ಭಾರೀ ಥಂಡಿ ಆಗಿದೆ. ಕುರ್ಚಿ ಹತ್ಲಿಕ್ಕೆ ಅಳಿಯ ಬಿಡುದಿಲ್ಲ, ಶಾಲು ತುರುಕ್ಲಿಕ್ಕೆ ನನ್ನ ಕೈ ಎಟುಕುದಿಲ್ಲ.”

ಭಾನುವಾರ ಏಣಿ ಒಯ್ದೆ. ಊಟಕ್ಕೆ ಮುಂಚೆ ಪೊರ್ಬುಗಳು ಪುಸ್ತಕ ತೆರೆದು ನನ್ನ ಮುಂದೆ ಇಟ್ಟರು. ಮೂರನೆಯ ಹಾಳೆಯನ್ನು ಖಾಲಿ ಬಿಟ್ಟಿದ್ದರು, ತುಂಬಿಸಲು ಬಿಡಲಿಲ್ಲ. ಅದರ ಮುಂದಿನದರಲ್ಲಿ ಶನಿವಾರದ ಕೆಸರನ್ನು ನಾನು ಒತ್ತಿದ್ದೆ, ಅದರ ಮುಂದಿನದರಲ್ಲಿ ಮಂಗಳವಾರದ್ದು. ಇವತ್ತು ಇನ್ನೊಮ್ಮೆ ತೆರೆದು ನೋಡು ಎಂದರು. ತೆರೆದೆ. ಕೊಳವೆಯ ಮೇಲೆ ತೆಳ್ಳಗೆ ಒಂದು ಬೂದು ನೆರಳು. ಬೆರಳು ತಾಗಿಸಿ ಹಾಳೆಗೆ ಒತ್ತಿದೆ. ಕಪ್ಪು ಅಷ್ಟೇನೂ ಬರಲಿಲ್ಲ. ನನ್ನ ಹೆಬ್ಬೆರಳಿನ ಗೆರೆಗಳೇ ಒಂದೊಂದಾಗಿ, ಸುರುಳಿ ಸುರುಳಿಯಾಗಿ ಕಂಡವು. ಐದು ವರ್ಷ ಎಲ್ಲರ ಮುಖವನ್ನೂ ಗಮನಿಸಿದವನು ಇವನ್ನು ನೋಡಿದ್ದು ಅದೇ ಮೊದಲು.

“ನೋಡಿ ಆಯ್ತಾ?” ಒಳಗಿನಿಂದ ಆ ತಾಯಿ ಕೂಗಿದರು. “ಯಲ್ಲಾ, ಏಣಿ ತಾ ಮಗ. ಮಗು ಎದ್ರೆ ಮತ್ತೆ ಕಷ್ಟ.”